ಪೊರಕೆಗೆ ಜೀವ ಕೊಟ್ಟಾತ

ಆತನ ನಾಲಗೆಯ ತುದಿ ಕಪ್ಪಗಿತ್ತು. ಹುಟ್ಟಿನಿಂದ ಬಂದದ್ದಲ್ಲ, ಜೆರಾಕ್ಸ್ ಮಷಿನ್ನಿನ ಟೋನರ್ ಪುಡಿ. ಬಲಗೈ ಹೆಬ್ಬೆರಳಿಗೆ ಅದು ಸದಾ ಮೆತ್ತಿಕೊಂಡಿರುತ್ತಿತ್ತು; ಹಾಳೆ ಮಗುಚುವ ಮುಂಚೆ ಆ ಹೆಬ್ಬೆರಳನ್ನು ನಾಲಗೆಗೆ ತಾಗಿಸುವುದು ಆತನ ಅಭ್ಯಾಸ. ಬಂಗಾರಪೇಟೆಯ ಸ್ಟೇಷನ್ ರಸ್ತೆಯ ಆತನ ಅಂಗಡಿಯಲ್ಲಿ ಆಧಾರ್ ಪ್ರತಿಗೆಂದು ನಿಂತವರು ಅದನ್ನು ನೋಡಿ, ಕರಿನಾಲಗೆ, ಅಂದದ್ದು ಆಗಿಬಿಡುತ್ತದೆ, ಹುಷಾರು ಎಂದು ಪಿಸುಗುಡುತ್ತಿದ್ದರು. ಅದು ಆತನಿಗೂ ಗೊತ್ತಿತ್ತು. ಗೊತ್ತಿದ್ದೇ ಗಿರಾಕಿಗಳ ಎದುರು ನಾಲಗೆಯನ್ನು ತುಸು ಹೆಚ್ಚಾಗಿ ಚಾಚುತ್ತಿದ್ದ.

'ಅವರು' ಎಂದು ಬರೆಯಲು ನನಗೆ ಕೈ ಬರುವುದಿಲ್ಲ. 'ಅವನು' ಎಂದರೆ ವಯಸ್ಸಿಗೆ ಅಗೌರವ. ಆದ್ದರಿಂದ 'ಆತ'. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಎನ್ನುತ್ತಾರೆ. ಹೇಳುವವರು ಬೇಕಾದಷ್ಟು ಜನ ಇದ್ದಾರೆ, ಹೇಳಿಕೊಳ್ಳಲಿ. ನಾನು ಆತನನ್ನು ವರ್ಷಗಟ್ಟಲೆ, ಒಂದು ಭಾನುವಾರವೂ ತಪ್ಪಿಸದೆ ದ್ವೇಷಿಸಿದವಳು. ಅಷ್ಟು ನಿಯಮದಿಂದ ನಾನು ದೇವರ ಪೂಜೆಯನ್ನೂ ಮಾಡಿದವಳಲ್ಲ. ಹಾಗಾಗಿ ಆತನ ಬಗ್ಗೆ ಬರೆಯುವ ಹಕ್ಕು ನನಗೂ ಒಂದಿಷ್ಟು ಇದೆ.

ನಾನು ಕೆಜಿಎಫ್‌ನ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಪರೀಕ್ಷೆ ಬಂದಾಗ ನಮ್ಮೂರಲ್ಲೇ ಜೆರಾಕ್ಸ್ ಮಾಡಿಸಿದರೆ ಪ್ರಶ್ನೆಪತ್ರಿಕೆ ನಮಗಿಂತ ಮುಂಚೆ ಮಕ್ಕಳ ಕೈ ಸೇರುತ್ತದೆ ಎಂದು ಹೆಡ್‌ಮಿಸ್ಸು ನನ್ನನ್ನು ರೈಲು ಹತ್ತಿಸಿ ಬಂಗಾರಪೇಟೆಗೆ ಅಟ್ಟುತ್ತಿದ್ದರು. ಹಾಗೆ ಒಂದು ಭಾನುವಾರ ಮಧ್ಯಾಹ್ನ ಹೋದಾಗ ಅಂಗಡಿಯ ಷಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದೆ. ಒಂದು ಮೇಜು, ಅದರ ಸುತ್ತ ಮೂರು ಜನ. ಮೇಜಿನ ಮೇಲೆ ಒಂದು ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ವಿಚಿತ್ರ ಆಕಾರದ ದಾಳಗಳು, ಪಕ್ಕದಲ್ಲಿ ಇಂಟರ್‌ನೆಟ್ಟಿನಿಂದ ಇಳಿಸಿ ಜೆರಾಕ್ಸ್ ಮಾಡಿ ಸ್ಪೈರಲ್ ಹಾಕಿದ ದಪ್ಪ ಪುಸ್ತಕ.

"ಏನ್ಸಾರ್ ಇದು, ಲೂಡೋನಾ?" ಎಂದೆ.

"ಲೂಡೋ ನಿಮ್ಮನೇಲಿ ಆಡು. ಇದು ಎಂಗಸ್ರ ಆಟ ಅಲ್ಲ ಕಣಮ್ಮ. ಪೇಪರ್ ತಕ್ಕೊಂಡ್ ಓಗು," ಎಂದ ಆತ.

ಆ ಮಾತೊಂದು ಹೇಳದಿದ್ದರೆ ನಾನು ಪೇಪರ್ ತೆಗೆದುಕೊಂಡು ಹೋಗಿಬಿಡುತ್ತಿದ್ದೆ, ನನ್ನ ಭಾನುವಾರಗಳು ಬಟ್ಟೆ ಒಗೆಯುವುದರಲ್ಲಿ ಸುಖವಾಗಿ ಮುಗಿಯುತ್ತಿದ್ದವು. ಒಂದು ಕುರ್ಚಿ ಖಾಲಿ ಇತ್ತು. ಕುಳಿತುಬಿಟ್ಟೆ.

ಆತ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಸರಿ, ಕೂತ್ಕೋ. ಒಂದು ಕೇಳ್ಕೋ. ಪಾತ್ರ ಸತ್ರೆ ಕುರ್ಚಿ ಬಿಡಬೇಕು. ಮುಂದಿನ ಯುಗಾದಿ ಗಂಟ ಈ ಕಡೆ ತಲೆ ಆಕಂಗಿಲ್ಲ. ಅತ್ರೂ ಬಿಡಲ್ಲ, ಕಾಲು ಇಡಿದ್ರೂ ಬಿಡಲ್ಲ. ದಾಳಕ್ಕೆ ನೆಂಟ್ರಿಲ್ಲ."

ನಾನು ಕುಳಿತಿದ್ದ ಕುರ್ಚಿ ಒಬ್ಬ ಬ್ಯಾಂಕ್ ಗುಮಾಸ್ತನದಾಗಿತ್ತಂತೆ. ಹಿಂದಿನ ವಾರವಷ್ಟೇ ಅವನ ಪಾತ್ರ ಸತ್ತಿತ್ತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೇಜಿನ ಒಂದು ಬದಿಯಲ್ಲಿ ಕುಳಿತವನು ಕತೆ ನಡೆಸುತ್ತಾನೆ: ಇಲ್ಲಿ ಕೋಟೆ, ಇಲ್ಲಿ ಗುಹೆ, ಇಲ್ಲಿ ಬೀಗ ಹಾಕಿದ ಬಾಗಿಲು. ಉಳಿದವರಿಗೆ ಒಂದೊಂದು ಪಾತ್ರ. ಆ ಪಾತ್ರ ಏನು ಮಾಡುತ್ತದೆ ಎಂದು ನಾವು ಬಾಯಲ್ಲಿ ಹೇಳಬೇಕು, ಅದು ಆಯಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ದಾಳಕ್ಕೂ ನಿಲುಕದ ತಕರಾರು ಬಂದರೆ ಕತೆ ನಡೆಸುವವನದೇ ತೀರ್ಪು. ಆ ಅಂಗಡಿಯಲ್ಲಿ ಕತೆ ನಡೆಸುವವನು ಆತ. ಕೆಜಿಎಫ್ ಪಕ್ಕದ ಮಾರಿಕುಪ್ಪಂನಿಂದ ಬರುತ್ತಿದ್ದ ತಮಿಳು ಮನೆಮಾತಿನ ಅಣ್ಣನೊಬ್ಬ ಕೊಡಲಿ ಹಿಡಿದ ಯೋಧ. ಸ್ಟೇಷನ್ ಎದುರು ಪಾನಿಪುರಿ ಗಾಡಿ ಇಟ್ಟಿದ್ದವನು, ತೆಲುಗಿನವನು, ಮಂತ್ರವಾದಿ. ನಾನು ಕಳ್ಳಿಯಾದೆ. ಕನ್ನಡ ಮಿಸ್ಸು ಕಳ್ಳಿಯಾಗುತ್ತಾಳೆ ಎಂದಾಗ ಆತ ಮೂಗಿನಲ್ಲಿ ನಕ್ಕ. ಕಳ್ಳಿಯೇ ಆಗಬೇಕೆಂಬ ನನ್ನ ತೀರ್ಮಾನ ಅಲ್ಲೇ ಗಟ್ಟಿಯಾಯಿತು.

ಮೊದಲ ದಿನವೇ ನನಗೆ ಅವಮಾನ ಮಾಡಿದ. ಕೋಟೆಯ ಬೀಗ ತೆಗೆದು ಒಳಗೆ ಕಾಲಿಟ್ಟೆ. ರಾಕ್ಷಸ ಬರಬಹುದು, ಹಾವು ಬರಬಹುದು ಎಂದು ಕಾಯುತ್ತಿದ್ದೆ.

"ಮೂಲೇಲಿ ಒಂದು ಪೊರಕೆ ಐತೆ," ಎಂದ. ಸ್ವಲ್ಪ ತಡೆದು, "ಎದ್ದೈತೆ," ಎಂದ.

ಮಂತ್ರದಿಂದ ಜೀವ ಬಂದ ವಸ್ತುಗಳಿಗೆ ಆ ಮೇಜಿನಲ್ಲಿ 'ಎದ್ದ ಸಾಮಾನು' ಎಂದು ಹೆಸರು. ನಿಯಮದ ಪುಸ್ತಕದಲ್ಲಿ ಅವಕ್ಕೆಂದು ಕೆಲವೇ ಪುಟಗಳಿವೆ: ಹಾರುವ ಕತ್ತಿ, ಉಸಿರುಗಟ್ಟಿಸುವ ಕಂಬಳಿ, ಇಂಥವು. ಆತನಿಗೆ ಕತ್ತಿ, ಕಂಬಳಿ ಬೇಕಿರಲಿಲ್ಲ. ಪೊರಕೆ ಬೇಕಿತ್ತು. ನಮ್ಮ ಕಡೆ ಪೊರಕೆಯಲ್ಲಿ ಏಟು ತಿನ್ನುವುದೆಂದರೆ ಏನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮೂರು ಗಂಡಸರ ಮುಂದೆ, ಮೊದಲ ದಿನ, ನನ್ನ ಕಳ್ಳಿಗೆ ಪೊರಕೆಯಲ್ಲಿ ಹೊಡೆಸಿದ.

"ಒದೀತೀನಿ ಅದನ್ನ!" ಎಂದು ಕೂಗಿದೆ.

"ಅಯ್ಯಯ್ಯೋ ಮಿಸ್ಸು!" ಮಾರಿಕುಪ್ಪಂ ಅಣ್ಣ ಕುರ್ಚಿಯಿಂದ ಅರ್ಧ ಎದ್ದುಬಿಟ್ಟ. "ತೊಡಪ್ಪ ಒದೀಬಾರ್ದಮ್ಮಾ, ಲಕ್ಷ್ಮಿ ಅದು!"

ನನ್ನ ಕೈ ತಾನಾಗಿಯೇ ಮೇಜಿಗೆ ತಾಗಿ ಕಣ್ಣಿಗೆ ಹೋಯಿತು. ಇಲ್ಲದ ಪೊರಕೆಗೆ ಕಾಲು ತಾಗಿಸಿದ ತಪ್ಪಿಗೆ ನಿಜವಾಗಿ ಕಣ್ಣಿಗೊತ್ತಿಕೊಂಡಿದ್ದೆ. ಆತ ಅದನ್ನೇ ಕಾಯುತ್ತಿದ್ದ.

"ಕಣ್ಣಿಗ್ ಒತ್ಕೊಂಡ್ಯಲ್ಲ? ನೀನು ಕಣ್ಣು ಮುಚ್ಚಿದ್ ಒತ್ನಲ್ಲಿ ಇನ್ನೊಂದೇಟು ಬಿತ್ತು."

ಕಳ್ಳಿ ಸಾಯಲಿಲ್ಲ, ಅಟ್ಟ ಹತ್ತಿ ಜೀವ ಉಳಿಸಿಕೊಂಡಳು. ಸಂಜೆಯ ರೈಲಿನಲ್ಲಿ ಹಿಂದಿರುಗುವಾಗ ನನ್ನ ಮೈ ಉರಿಯುತ್ತಿತ್ತು. ಮುಂದಿನ ಭಾನುವಾರ ಮಾರಿಕುಪ್ಪಂ ಕಡೆಯಿಂದ ಬಂದ ಮೊದಲ ರೈಲಿನಲ್ಲೇ ಬಂದು ಇಳಿದಿದ್ದೆ.

ಆ ಕುರ್ಚಿ ನನಗೆ ಯಾಕೆ ಅಷ್ಟು ಬೇಕಿತ್ತು ಎಂದು ಕೇಳಬಹುದು. ಕೆಜಿಎಫ್‌ನ ನಂದಿದುರ್ಗ ಗಣಿಯ ಹಳೆಯ ಲೈನಿನಲ್ಲಿ ನಮ್ಮ ಮನೆ. ಗಣಿಯವರು ಆಳುಗಳಿಗೆಂದು ಕಟ್ಟಿಸಿದ ಸಾಲುಮನೆ, ಪಕ್ಕದ ಮನೆಯ ಕೆಮ್ಮೂ ನಮ್ಮದೇ ಎನಿಸುವಷ್ಟು ತೆಳು ಗೋಡೆ. ವಾರವಿಡೀ ಶಾಲೆಯಲ್ಲಿ ಮಿಸ್ಸು, ಮನೆಯಲ್ಲಿ ಸೊಸೆ, ಓಣಿಯಲ್ಲಿ ಇಂಥವರ ಹೆಂಡತಿ. ಎಲ್ಲ ಕಡೆಯೂ ಮೆತ್ತಗೆ ಮಾತಾಡಬೇಕು. ಭಾನುವಾರ ಮಧ್ಯಾಹ್ನ ಆ ಕುರ್ಚಿಯಲ್ಲಿ ಮಾತ್ರ ನಾನು ಗಂಟಲು ಹರಿಯುವ ಹಾಗೆ ಜಗಳವಾಡಬಹುದಿತ್ತು, ಬೀಗ ಮುರಿಯಬಹುದಿತ್ತು, ಯಾರದೋ ಖಜಾನೆ ದೋಚಬಹುದಿತ್ತು. ಕಳ್ಳಿ ಸತ್ತರೆ ಅದೆಲ್ಲ ಹೋಗುತ್ತಿತ್ತು. ಇದು ಆತನಿಗೆ ಚೆನ್ನಾಗಿ ಗೊತ್ತಿತ್ತು, ಆದ್ದರಿಂದಲೇ ವಾರವಾರವೂ ಅವಳನ್ನು ಕೊಲ್ಲಲು ನೋಡುತ್ತಿದ್ದ.

ಮೊರ ಎದ್ದಿತು. ಒಲೆಯ ಊದುಗೊಳವೆ ಎದ್ದಿತು. ಒನಕೆ ಎದ್ದು ಕಳ್ಳಿಯನ್ನು ಭತ್ತ ಎಂದುಕೊಂಡಿತು. ಯೋಧನ ಮೇಲೆ ಬಾಗಿಲ ಚಿಲಕ, ಮಂತ್ರವಾದಿಯ ಮೇಲೆ ಏಣಿ. ನನ್ನ ಮೇಲೆ ಮಾತ್ರ ಅಡುಗೆಮನೆ. ಒಂದು ದಿನ ತಡೆಯಲಾರದೆ ಮೇಜು ಕುಟ್ಟಿದೆ.

"ಅವರಿಗೆಲ್ಲ ಬೇರೆ ಬೇರೆ, ನನಗೆ ಮಾತ್ರ ಯಾಕೆ ಪೊರಕೆ, ಮೊರ? ಹೆಂಗಸು ಅಂತ ತಾನೆ?"

ಆತ ಪುಸ್ತಕದಿಂದ ತಲೆ ಎತ್ತಲಿಲ್ಲ. "ನಿನ್ ಮೇಲೆ ಕತ್ತಿ ಬಿಟ್ರೆ ಓಡೋಗ್ತೀಯ. ಪೊರಕೆ ಬಿಟ್ರೆ ಜಗಳಕ್ಕೆ ನಿಂತ್ಕೋತೀಯ. ಓಡೋಗೋರ್ ಜೊತೆ ಆಡಾಕೆ ನಂಗೇನ್ ತೆವಲಾ?"

ಇದನ್ನು ಹೊಗಳಿಕೆ ಎಂದು ಓದುವವರಿದ್ದಾರೆ. ನಾನು ಆ ಕ್ಷಣದಲ್ಲಿ ಓದಲಿಲ್ಲ, ಈಗಲೂ ಓದಲು ಮನಸ್ಸಿಲ್ಲ. ಆತ ಒರಟ, ಅಷ್ಟೆ. ಗಿರಾಕಿಯ ಆಧಾರ್ ಮಸುಕಾಗಿದ್ದರೆ, "ಇದೇನು ನಿನ್ ಮುಖಾನಾ, ಅಲಸಿನ್ ಹಣ್ಣಾ?" ಎಂದು ಸಾಲಿನಲ್ಲಿದ್ದವರಿಗೆಲ್ಲ ಎತ್ತಿ ತೋರಿಸುತ್ತಿದ್ದ. ಟೀ ತರಿಸಿದರೆ ತನಗೊಂದೇ ತರಿಸುತ್ತಿದ್ದ. ಫ್ಯಾನು ತನ್ನ ಕಡೆಗೇ ತಿರುಗಿರಬೇಕು. ನಾನು ಒಮ್ಮೆ ಜ್ವರದಿಂದ ಎರಡು ವಾರ ಬರದಿದ್ದಾಗ, ಬಂದ ದಿನ ಹೇಗಿದ್ದೀಯ ಎಂದು ಕೇಳಲಿಲ್ಲ. ಕಳ್ಳಿ ಅಷ್ಟು ದಿನ ಬಾವಿಯಲ್ಲಿ ನೇತಾಡುತ್ತಿದ್ದಳು, ಕೈ ಸೋತಿದೆ, ದಾಳ ಹಾಕು ಎಂದ.

ಆದರೆ ಆಟದ ವಿಷಯದಲ್ಲಿ ಸುಳ್ಳು ಹೇಳಲಾರೆ. ಎದ್ದ ಸಾಮಾನುಗಳಲ್ಲಿ ಆತನನ್ನು ಮೀರಿಸುವವರನ್ನು ನಾನು ಕಂಡಿಲ್ಲ. ಆತನ ಒಂದು ಕಟ್ಟಳೆ ಇತ್ತು: "ಎದ್ದ ಸಾಮಾನಿಗೆ ಸಿಟ್ಟಿಲ್ಲ, ಆಸೆ ಇಲ್ಲ. ಯಾವ್ ಕೆಲ್ಸಕ್ ಮಾಡಿದ್ರೋ ಆ ಕೆಲ್ಸ ಒಂದೇ ಗೊತ್ತು." ಆದ್ದರಿಂದ ಆತನ ಮೊರ ಯಾರನ್ನೂ ಹೊಡೆಯಲಿಲ್ಲ, ಕೇರಿತು. ಹಗುರ ಇದ್ದವರನ್ನು ಜೊಳ್ಳು ಎಂದು ಆಚೆ ಹಾರಿಸಿತು, ಭಾರ ಇದ್ದವರನ್ನು ಕಾಳು ಎಂದು ಉಳಿಸಿಕೊಂಡಿತು. ಯೋಧ ಕೊಡಲಿ ಬೀಸಿ ಬೀಸಿ ಸುಸ್ತಾದ. ನಾನು ಪಕ್ಕದಲ್ಲಿದ್ದ ಗುಂಡುಕಲ್ಲನ್ನು ಅಪ್ಪಿಕೊಂಡು ಕಾಳಾದೆ. ಆತನ ಏಣಿಗೆ ಹತ್ತಿಸುವುದು ಮಾತ್ರ ಗೊತ್ತಿತ್ತು. ಮಂತ್ರವಾದಿ ಇಳಿಯಲು ಹೋದಂತೆಲ್ಲ ಮೆಟ್ಟಿಲು ಬೆಳೆಯುತ್ತಾ ಹೋಯಿತು. ಕೊನೆಗೆ ನಾನೇ ಅದನ್ನು ತಲೆಕೆಳಗು ಮಾಡಿಸಿದೆ. ಹೊಡೆದು ಗೆಲ್ಲುವುದಲ್ಲ, ಅದರ ಕೆಲಸವನ್ನು ಅದಕ್ಕೆ ಕೊಟ್ಟು ಗೆಲ್ಲುವುದು. ಗೆದ್ದಾಗಲೆಲ್ಲ ಆತನ ಮುಖ ಹಾಗಲಕಾಯಿ ತಿಂದಂತಾಗುತ್ತಿತ್ತು. ಆ ಮುಖ ನೋಡುವುದೇ ನನ್ನ ವಾರದ ಸಂಬಳ ಎನಿಸುತ್ತಿತ್ತು.

ಆತನ ಕೊನೆಯ ವರ್ಷ ಆಯುಧಪೂಜೆ ಭಾನುವಾರವೇ ಬಂತು. ಅಂಗಡಿಗೆ ರಜ, ಆಟಕ್ಕಿಲ್ಲ. ಹೋದಾಗ ಮಷಿನ್ನಿಗೆ ಚೆಂಡುಹೂವಿನ ಹಾರ, ವಿಭೂತಿ, ಕುಂಕುಮ. ಬಾಗಿಲಲ್ಲಿ ಒಡೆದ ಬೂದುಗುಂಬಳ. ಸ್ಪೈರಲ್ ಮಾಡುವ ಯಂತ್ರ, ಕತ್ತರಿ, ಸ್ಟೇಪ್ಲರ್ ಎಲ್ಲಕ್ಕೂ ಬೊಟ್ಟು. ದಾಳಗಳಿಗೆ ಮಾತ್ರ ಇರಲಿಲ್ಲ. ಅವು ಆತನ ಅಂಗಿಯ ಜೇಬಿನಲ್ಲಿದ್ದವು. ಅಲ್ಲೇ ನನಗೆ ಗುಮಾನಿ ಬರಬೇಕಿತ್ತು. ಬರಲಿಲ್ಲ, ಕಡ್ಲೆಪುರಿ ತಿನ್ನುತ್ತಾ ಕುಳಿತೆ. ಅಂದು ಎಲ್ಲರಿಗೂ ಕೊಟ್ಟಿದ್ದ. ಅದೂ ಗುಮಾನಿಯ ವಿಷಯವೇ.

"ಕತೇಲೂ ಇವತ್ತು ಆಯುಧಪೂಜೆ," ಎಂದ, ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ. "ನಿಮ್ ನಿಮ್ ಆಯುಧಕ್ಕೆ ಪೂಜೆ ಮಾಡಿದ್ರಾ?"

ಇಂಥ ಪ್ರಶ್ನೆಗೆ ಇಲ್ಲ ಎನ್ನುವವರು ಯಾರು? ಮಾರಿಕುಪ್ಪಂ ಅಣ್ಣ ಕೊಡಲಿಗೆ ಅರಿಶಿನ ಹಚ್ಚಿ, ಹೂವು ಸುತ್ತಿ, ನಿಂಬೆಹಣ್ಣು ಚುಚ್ಚಿದ. ಪಾನಿಪುರಿಯವನು ಮಂತ್ರದಂಡಕ್ಕೆ ಮೂರು ಪಟ್ಟೆ ವಿಭೂತಿ ಬಳಿದ. ನಾನಂತೂ ಒಂದು ಕೈ ಮೇಲೆ: ಚೂರಿ, ಹಗ್ಗ, ಬೀಗ ತೆಗೆಯುವ ಕಂಬಿ, ಒಂದನ್ನೂ ಬಿಡದೆ ಬೊಟ್ಟಿಟ್ಟು ಮಂಗಳಾರತಿ ಎತ್ತಿದೆ. ಆತ ಎಲ್ಲವನ್ನೂ ತಲೆದೂಗುತ್ತಾ ಕೇಳಿಸಿಕೊಂಡ.

ಆಮೇಲೆ ನಮ್ಮನ್ನು ಒಂದು ಪಾಳುಬಿದ್ದ ಚಿನ್ನದ ಗಣಿಗೆ ಕರೆದುಕೊಂಡು ಹೋದ. ಆಳುಗಳನ್ನು ಇಳಿಸುವ ಕಬ್ಬಿಣದ ಬೋನು, ನಾವು ಕೇಜು ಎನ್ನುವುದು, ಗಣಿಯ ಬಾಯಲ್ಲಿ ನಿಂತಿತ್ತು. ಮೂವರೂ ಹತ್ತಿದೆವು.

"ಬಾಗ್ಲು ಮುಚ್ಕೊಂತು. ಕೇಜು ಎದ್ದೈತೆ."

ಗಣಿ ಮುಚ್ಚಿದ ಮೇಲೆ ಕೇಜು ಇಳಿಯುವ ಶಾಫ್ಟುಗಳಲ್ಲಿ ನೀರು ತುಂಬಿಕೊಂಡಿರುವುದನ್ನು ಕೆಜಿಎಫ್‌ನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

"ಅದರ ಕೆಲ್ಸ ಆಳನ್ನ ತಳಕ್ ಇಳಿಸೋದು. ತಳ್ದಲ್ಲಿ ನೀರೈತೆ ಅಂತ ಅದಕ್ಕೇನ್ ಗೊತ್ತು? ಇಳೀತಾ ಐತೆ. ಏನ್ ಮಾಡ್ತೀರ?"

"ಕೊಡ್ಲೀಲಿ ಬಾಗ್ಲು ಒಡೀತೀನಿ," ಎಂದ ಅಣ್ಣ.

"ಯಾವ್ ಕೊಡ್ಲಿ? ಬೆಳಗ್ಗೆ ನಿಂಬೆಹಣ್ ಚುಚ್ಚಿದ್ಯಲ್ಲ, ಆ ಕೊಡ್ಲೀನಾ?" ಆತ ಹೆಬ್ಬೆರಳನ್ನು ನಾಲಗೆಗೆ ತಾಗಿಸಿದ. "ಪೂಜೆ ಮಾಡಿದ್ ಆಯುಧ ವಿಜಯದಶಮಿ ಗಂಟ ಮುಟ್ಟಂಗಿಲ್ಲ. ನಿಮ್ಮಪ್ಪ ಏಳ್ಕೊಟ್ಟಿಲ್ವಾ?"

ಅಣ್ಣ ತಲೆಯ ಮೇಲೆ ಕೈ ಹೊತ್ತುಕೊಂಡ. "ಪೋಚ್ಚು. ಎಲ್ಲಾಂ ಪೋಚ್ಚು."

ಮಂತ್ರದಂಡವೂ ಇಲ್ಲ, ಚೂರಿಯೂ ಇಲ್ಲ, ಹಗ್ಗವೂ ಇಲ್ಲ. ನಮ್ಮ ಭಕ್ತಿಯೇ ನಮ್ಮ ಕೈ ಕಟ್ಟಿತ್ತು. ಬೇರೆ ಊರಿನವರು ಈ ಬಲೆಗೆ ಬೀಳುತ್ತಿರಲಿಲ್ಲ. ಇಂಥ ಬಲೆಯನ್ನು ಬೇರೆ ಊರಿನವನು ಹೆಣೆಯುತ್ತಲೂ ಇರಲಿಲ್ಲ. "ಇಂಕ ಚಾಲು, ಸಾಕು ಬಿಡಣ್ಣಾ, ನಾವ್ ಸತ್ವಿ," ಎಂದು ಪಾನಿಪುರಿಯವನು ಕೈಚೆಲ್ಲಿದ. ಆತ ನನ್ನ ಕಡೆ ನೋಡುತ್ತಿದ್ದ. ಕುರ್ಚಿ ಬಿಟ್ಟು ಏಳುವ ನನ್ನನ್ನು ನೋಡಲು ಎಷ್ಟು ವಾರದಿಂದ ಕಾದಿದ್ದನೋ.

"ಪೂಜೆ ಮಾಡಿದ ಕುಂಕುಮದ ಪೊಟ್ಟಣ ನನ್ನ ಸೊಂಟದಲ್ಲಿದೆ. ಹೌದೋ ಅಲ್ವೋ?" ಎಂದೆ.

"ಐತೆ. ಏನೀಗ?"

"ಕೇಜಿನ ಬಾಗಿಲಿಗೆ ಇಡ್ತೀನಿ. ಮುಡಿಯಲ್ಲಿರೋ ಹೂವು ತೆಗೆದು ಸಿಗಿಸ್ತೀನಿ. ಕೈ ಮುಗೀತೀನಿ. ಎದ್ದರೂ ಸಾಮಾನು ಸಾಮಾನೇ ತಾನೆ? ನಮ್ಮ ಕೊಡಲಿಗೆ ರಜ ಆದರೆ ಅದಕ್ಕೂ ರಜ."

ಆತನ ಹೆಬ್ಬೆರಳು ಬಾಯಿಗೆ ಹೋಗುತ್ತಿದ್ದದ್ದು ಅರ್ಧದಲ್ಲಿ ನಿಂತಿತು. ಪಾನಿಪುರಿಯವನು ಸಿಳ್ಳೆ ಹಾಕಿದ.

"ಆಗಲ್ಲ," ಎಂದ ಆತ. "ಕೇಜು ಆಯುಧ ಅಲ್ಲ, ಗಾಡಿ. ಗಾಡಿಗೆ ಪೂಜೆ ಮಾಡಿ ಅವತ್ತೇ ಒಂದ್ ಸುತ್ತು ಓಡಿಸ್ತಾರೆ. ಬಸ್ಸಿಗೆ ಬಾಳೆಕಂಬ ಕಟ್ಕೊಂಡು ಓಡಿಸಲ್ವಾ?"

"ಚಕ್ರ ಇಲ್ಲದ್ದು ಯಾವ ಗಾಡಿ?"

"ದೋಣಿಗ್ ಚಕ್ರ ಐತಾ?"

"ಇದೇನು ದೋಣಿನಾ?"

"ಮನುಷ್ಯರ್ನ ಒತ್ಕೊಂಡು ಓಗೋದೆಲ್ಲ ಗಾಡಿ ಕಣಮ್ಮ!"

"ಹಾಗಾದ್ರೆ ನಿಮ್ಮ ಏಣಿನೂ ಗಾಡಿನಾ?"

ನಮ್ಮ ಕೂಗಾಟಕ್ಕೆ ರಸ್ತೆಯಲ್ಲಿ ಹೋಗುವವರು ಷಟರ್ ಕೆಳಗೆ ಬಗ್ಗಿ ನೋಡಿದರು. ಸಂಜೆಯ ರೈಲಿನ ಹೊತ್ತಾಯಿತು. ಆತ ದಾಳಗಳನ್ನು ಜೇಬಿಗೆ ಸುರಿದುಕೊಂಡು, "ಮುಂದಿನ್ ಭಾನುವಾರ ತೀರ್ಪು ಏಳ್ತೀನಿ. ನೀನು ಸತ್ತೆ ಅಂತ್ಲೇ ತಿಳ್ಕೊಂಡ್ ಓಗು," ಎಂದ.

ಆ ವಾರ ನನಗೆ ತಲೆ ಕೆಟ್ಟಿತ್ತು. ಸ್ಟಾಫ್ ರೂಮಿನಲ್ಲಿ ಲಿಫ್ಟು ವಾಹನವೋ ಉಪಕರಣವೋ ಎಂದು ಕೇಳಿದೆ. ಸಮಾಜದ ಮಿಸ್ಸು ಮತ್ತು ವಿಜ್ಞಾನದ ಸಾರ್ ಎರಡು ದಿನ ಮಾತು ಬಿಟ್ಟರು. ಲೈನಿನ ದೇವಸ್ಥಾನದ ಪೂಜಾರಿಯನ್ನು ಕೇಳಿದೆ. "ನಿಮ್ಮನೇಲಿ ಲಿಫ್ಟ್ ಎಲ್ಲೈತಮ್ಮಾ?" ಎಂದು ಅವರು ನನ್ನನ್ನೇ ಕೇಳಿದರು. ಅತ್ತೆ, ನಿದ್ದೆಯಲ್ಲಿ ಯಾರನ್ನೋ ಬೈಯುತ್ತಿದ್ದೆ ಎಂದರು. ಯಾರನ್ನು ಎಂದು ನನಗೆ ಗೊತ್ತಿತ್ತು.

ಮುಂದಿನ ಭಾನುವಾರ ಷಟರ್ ಪೂರ್ತಿ ಇಳಿದಿತ್ತು. ಪಾನಿಪುರಿಯವನೇ ಗಾಡಿ ಬಿಟ್ಟು ಓಡಿಬಂದು ಹೇಳಿದ. ಆತನಿಗೆ ಲಕ್ವ ಹೊಡೆದಿದೆ, ಬಲಭಾಗ ಬಿದ್ದುಹೋಗಿದೆ, ಆಸ್ಪತ್ರೆಯವರು ಮನೆಗೆ ಕಳಿಸಿದ್ದಾರೆ.

ಕರುಣೆಯಿಂದ ನೋಡಲು ಹೋದೆ ಎಂದು ಬರೆದರೆ ಆತ ಎದ್ದು ಬಂದು ನಗುತ್ತಾನೆ. ತೀರ್ಪು ಕೇಳಲು ಹೋದೆ. ಸಂತೆಯ ಹಿಂದಿನ ಗಲ್ಲಿಯಲ್ಲಿ ಮನೆ. ಬಾಗಿಲು ತೆಗೆದ ಹೆಂಡತಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಿದ್ದೆಗೆಟ್ಟ ಸಣ್ಣ ಮೈಯ ಹೆಂಗಸು. ಯಾರು ಎಂದು ಕೇಳಿದರು. ಹೇಳಿದೆ.

"ಓ, ಭಾನುವಾರ ಬಂದ್ರೆ ಇವ್ರು ಬೈಕೊಂಡು ಬತ್ತಾರಲ್ಲ, ಆ ಮಿಸ್ಸಾ ನೀನು? ಬಾ ಒಳಗೆ."

ಆತ ಮಂಚದ ಮೇಲಿದ್ದ. ಬಾಯಿ ಒಂದು ಪಕ್ಕಕ್ಕೆ ವಾಲಿತ್ತು. ನನ್ನನ್ನು ಕಂಡದ್ದೇ ಎಡಗೈ ಎತ್ತಿ, ಕೂತ್ಕೋ ಎಂದು ಸ್ಟೂಲು ತೋರಿಸಿದ. ಕುಶಲ ಕೇಳುವ ಮಾತು ಆತನ ಕಡೆಯಿಂದಲೂ ಇಲ್ಲ, ನನ್ನ ಕಡೆಯಿಂದಲೂ ಇಲ್ಲ. ಮಾತು ತೊದಲುತ್ತಿತ್ತು, ಒಂದೊಂದು ಪದಕ್ಕೂ ಹೆಣಗುತ್ತಿದ್ದ. ಹೆಂಡತಿ, "ಮಾತಾಡ್ಬ್ಯಾಡಿ, ಸುಮ್ಕಿರಿ," ಎಂದದ್ದನ್ನು ಕೇಳಲಿಲ್ಲ.

"ಗಾಡಿ ಅಂತ್ಲೇ... ಇಟ್ಕೋ," ಎಂದ. "ಪೂಜೆ ಆದ್ಮೇಲೆ... ಚಕ್ರಕ್ ನಿಂಬೆಹಣ್ ಇಟ್ಟು... ಅದನ್ ತುಳ್ದೇ ಗಾಡಿ ಒರಡಬೇಕು. ತುಳೀದೆ... ಒರಡಂಗಿಲ್ಲ. ಕೇಜಿನ್ ಕೆಳ್ಗೆ... ನೆಲ ಎಲ್ಲೈತೆ? ನಿಂಬೆಹಣ್... ಎಲ್ಲಿಡ್ತೀಯ?"

ನಿಂಬೆಹಣ್ಣು ಇಡಲು ನೆಲವಿಲ್ಲ, ಅದನ್ನು ತುಳಿಯದೆ ಕೇಜು ಹೊರಡುವಂತಿಲ್ಲ. ಒಂದು ವಾರ, ಅರ್ಧ ಮೈ ಸತ್ತು ಮಲಗಿದ್ದಾಗಲೂ, ಆತ ಇದನ್ನೇ ಯೋಚಿಸಿದ್ದ. ತನ್ನ ವಾದವನ್ನು ಬಿಟ್ಟುಕೊಡದೆಯೇ ನನ್ನನ್ನು ಉಳಿಸುವ ದಾರಿ ಹುಡುಕಿದ್ದ.

"ಅಂದ್ರೆ ಕೇಜು ನಿಂತಿತು," ಎಂದೆ.

"ನಿಂತ್ತು." ಬಾಯಿಯ ನೆಟ್ಟಗಿದ್ದ ಅರ್ಧ ಸೊಟ್ಟಗಾಯಿತು. "ನಗಬ್ಯಾಡ. ನಡುಶಾಫ್ಟಲ್ ನಿಂತೈತೆ. ಮೇಲ್ಕೂ ಇಲ್ಲ... ಕೆಳ್ಕೂ ಇಲ್ಲ. ಬೆಳಗಾದ್ರೆ ವಿಜಯದಶಮಿ. ತಿರ್ಗಾ ಎದ್ದೇಳ್ತದೆ. ಆಗ... ನೋಡ್ಕೋತೀನಿ ನಿನ್ನ."

"ನೋಡ್ಕೊಳ್ಳಿ," ಎಂದೆ. "ಮುಂದಿನ ಭಾನುವಾರ ಬರ್ತೀನಿ."

ಗುರುವಾರ ಆತ ಹೋದ. ಶಾಲೆಯಲ್ಲಿ ಏಳನೆಯ ತರಗತಿಗೆ ಪದ್ಯ ಓದಿಸುತ್ತಿದ್ದಾಗ ಫೋನು ಬಂತು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮೋಸಗಾರ ಎಂದುಕೊಂಡೆ. ನೋಡ್ಕೋತೀನಿ ಎಂದು ಹೇಳಿ ಎದ್ದು ಹೋದವನು ಮೋಸಗಾರನಲ್ಲದೆ ಮತ್ತೇನು? ಮಣ್ಣಿಗೆ ಹೋದವರಲ್ಲಿ ಮಾರಿಕುಪ್ಪಂ ಅಣ್ಣ ಬಿಕ್ಕಿ ಬಿಕ್ಕಿ ಅತ್ತ. ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ.

ತಿಥಿ ಕಳೆದ ಮೇಲೆ ಅಂಗಡಿ ಖಾಲಿ ಮಾಡಬೇಕಾಯಿತು. ಮಷಿನ್ ಎತ್ತಿ ಸಾಗಿಸಲು ನಾವು ಮೂವರೂ ಹೋದೆವು. ಮೇಜು, ಪುಸ್ತಕ, ದಾಳಗಳನ್ನು ಮನೆಗೆ ಮುಟ್ಟಿಸಿದಾಗ ಆತನ ಹೆಂಡತಿ ಗೋಡೆಗೆ ಒರಗಿ ಕುಳಿತಿದ್ದರು. ಬಂದವರಿಗೆ ಹೂಂ, ಊಹೂಂ ಬಿಟ್ಟರೆ ಬೇರೆ ಮಾತಿಲ್ಲ, ಅಳುವೂ ಇಲ್ಲ, ಊಟವೂ ಸರಿಯಾಗಿಲ್ಲ ಎಂದು ಪಕ್ಕದ ಮನೆಯವರು ಹೇಳಿದರು. ನಾವು ಹೊರಡುವಾಗ ಅವರು ದಾಳಗಳನ್ನೇ ನೋಡುತ್ತಾ, "ಆ ಕೇಜಲ್ಲಿರೋರ್ ಕತೆ ಏನಾಯ್ತು?" ಎಂದರು.

"ಅಲ್ಲೇ ನಿಂತಿದ್ದಾರೆ ಅಕ್ಕ," ಎಂದೆ.

"ನಾನು ವರ್ಷ ತುಂಬೋ ಗಂಟ ಒರಗೆ ಬರಂಗಿಲ್ಲ. ಭಾನುವಾರ ನೀವೇ ಬನ್ನಿ," ಎಂದರು.

ಹೋದೆವು. ನಡುಮನೆಯಲ್ಲಿ ಮೇಜು ಹಾಕಿದೆವು. ಕತೆ ನಡೆಸುವವರು ಯಾರು ಎಂಬ ಪ್ರಶ್ನೆ ಬಂತು, ಇಬ್ಬರೂ ನನ್ನ ಮುಖ ನೋಡಿದರು. ಕತೆ ನಡೆಸುವವರಿಗೆ ಪಾತ್ರವಿಲ್ಲ. ಅದು ಆತನ ಕಟ್ಟಳೆಯಲ್ಲ, ಆಟದ್ದೇ. ಕೇಜನ್ನು ನಾನು ನಡೆಸಬೇಕಾದರೆ ಕಳ್ಳಿಯನ್ನು ಬಿಡಬೇಕು. ಪೊರಕೆ, ಮೊರ, ಒನಕೆಗಳಿಂದ ಬಚಾವು ಮಾಡಿಕೊಂಡು ಬಂದ ನನ್ನ ಕಳ್ಳಿ. ಆತ ಬದುಕಿದ್ದಾಗ ಕಿತ್ತುಕೊಳ್ಳಲಾಗದ ಕುರ್ಚಿಯನ್ನು ಸತ್ತು ಕಿತ್ತುಕೊಂಡ. ಎದ್ದು ಮೇಜಿನ ಆಚೆ ಬದಿಗೆ ಹೋಗಿ ಕುಳಿತೆ.

"ಕಳ್ಳಿ?" ಎಂದ ಪಾನಿಪುರಿಯವನು.

ಗೋಡೆಗೆ ಒರಗಿದ್ದ ಹೆಂಗಸು ನಿಧಾನವಾಗಿ ಎದ್ದು ಬಂದು ನನ್ನ ಕುರ್ಚಿಯಲ್ಲಿ ಕುಳಿತರು.

"ನಾನು ಆಡ್ತೀನಿ. ಭಾನುವಾರ ಭಾನುವಾರ ಇವ್ರು ಮನೆಗ್ ಬಂದು ಅಷ್ಟು ಬೈತಿದ್ರಲ್ಲ, ಆ ಕಳ್ಳಿ ಬುದ್ಧಿ ಎಲ್ಲ ನಂಗ್ ಗೊತ್ತು."

ಮೊದಲ ದಿನ, ಮೊದಲ ಸಲ ದಾಳ ಮುಟ್ಟುವವರು, ಗಂಡ ಹೋಗಿ ತಿಂಗಳಾಗಿಲ್ಲ. ಸುಲಭವಾಗಿ ಮೇಲಕ್ಕೆ ತಂದುಬಿಡು, ಒಂದು ಬಿಸಿಲು, ಒಂದು ಹೂವಿನ ತೋಟ ತೋರಿಸು ಎಂದು ನನ್ನ ಒಳ್ಳೆಯ ಬುದ್ಧಿ ಹೇಳಿತು. ಎದುರಿಗಿದ್ದ ಇಬ್ಬರು ಗಂಡಸರ ಮುಖದಲ್ಲೂ ಅದೇ ಬೇಡಿಕೆ ಇತ್ತು. ಆತ ನನಗೆ ಒಂದು ದಿನವಾದರೂ ಸುಲಭ ಮಾಡಿದ್ದನೇ ಎಂದು ನೆನೆದುಕೊಂಡೆ.

"ವಿಜಯದಶಮಿ ಬೆಳಗಾಯ್ತು," ಎಂದೆ. "ಕೇಜು ಎದ್ದಿದೆ. ಅಕ್ಕ, ನಿಮ್ಮ ಸೊಂಟದಲ್ಲಿ ಸುತ್ತಿಕೊಂಡ ಹಗ್ಗ ಇದೆಯಲ್ಲ, ಕಳ್ಳಿಯ ಹಗ್ಗ? ಅದೂ ಎದ್ದಿದೆ. ಹಗ್ಗದ ಕೆಲಸ ಬಿಗಿಯುವುದು. ಬಿಗೀತಾ ಇದೆ. ಉಸಿರು ಕಟ್ತಾ ಇದೆ. ಏನ್ ಮಾಡ್ತೀರ?"

ಆಕೆ ನನ್ನನ್ನು ದುರುಗುಟ್ಟಿಕೊಂಡು ನೋಡಿದರು. ಕೆನ್ನೆ ಕೆಂಪಾಯಿತು, ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿದರು.

"ಥೂ, ನಿನ್ ಮನೆ ಆಳಾಗ! ಬಂದ್ ಮೊದಲ್ನೇ ದಿನಾನೇ ನನ್ ಕುತ್ಗೇಗ್ ಬಂದ್ಯಾ?" ಎಂದು ಕೂಗಿ, ಮೇಜಿನ ಮೇಲೆ ಬಗ್ಗಿ ದಾಳವನ್ನು ಕಿತ್ತುಕೊಂಡರು.